ತೂಕ ಇಳಿಯಿತು, ಇನ್ನು ಕಸುವು ಬೆಳೆಯಲಿ

ಅಂಕಣ: ಮನೆಮಂದಿಯ ಆರೋಗ್ಯ



ಬೇಸಿಗೆ ರಜೆ ಹತ್ತಿರ ಬಂದಿದೆ. ಊರಿಗೆ ಹೊರಡುವವರು ಆಗಲೇ ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಧೂಳು ಒರೆಸುತ್ತಿರಬಹುದು. ವಿಮಾನಕ್ಕೆ ಹಾಕುವ ಒಂದು ಪೆಟ್ಟಿಗೆಗೆ ಸಾಮಾನ್ಯವಾಗಿ 23 ಕಿಲೋ ಮಿತಿ ಇರುತ್ತದೆ. ಈ ಅಂಕಿಯನ್ನು ಸ್ವಲ್ಪ ನೆನಪಿನಲ್ಲಿಡಿ, ಈ ತಿಂಗಳ ಮಾತಿಗೆ ಅದು ಬೇಕಾಗುತ್ತದೆ.

ಶನಿವಾರ ಮಕ್ಕಳು ಒಳಗೆ ಕಾಗುಣಿತ ಬರೆಯುತ್ತಿರುವಾಗ ಹೊರಗೆ ಕಾಯುವ ಪೋಷಕರ ನಡುವೆ ಈಗೀಗ ತೂಕದ ಮಾತು ಹೆಚ್ಚಾಗಿದೆ. ಕೆಲವರು ಊಟ ಬದಲಿಸಿ, ದಿನಾ ನಡೆದು ತೂಕ ಇಳಿಸಿದ್ದಾರೆ. ಕೆಲವರು ವೈದ್ಯರ ಸಲಹೆಯಂತೆ ವಾರಕ್ಕೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾರೆ. ಇನ್ನು ಕೆಲವರಿಗೆ ಶಸ್ತ್ರಚಿಕಿತ್ಸೆ ಆಗಿದೆ. ದಾರಿ ಯಾವುದೇ ಇರಲಿ, 15, 20, 30 ಕಿಲೋ ಇಳಿಸುವುದು ಸುಲಭದ ಕೆಲಸವಲ್ಲ. ಹಾಗೆ ಇಳಿಸಿದ ಎಲ್ಲರಿಗೂ ಮೊದಲು ಅಭಿನಂದನೆ.

ಆದರೆ ಅವರಲ್ಲೇ ಹಲವರು ಮೆಲುದನಿಯಲ್ಲಿ ಇನ್ನೊಂದು ಮಾತು ಹೇಳುತ್ತಾರೆ. "ಪ್ಯಾಂಟು ಸಡಿಲವಾಯಿತು, ಸಕ್ಕರೆ ಹತೋಟಿಗೆ ಬಂತು, ಎಲ್ಲ ಸರಿ. ಮೊದಲಿನ ಕಸುವು ಮಾತ್ರ ಇಲ್ಲ. ಸೋಫಾದಿಂದ ಏಳಲು ಕೈ ಊರಬೇಕು. ಸೂಟ್‌ಕೇಸ್ ಎತ್ತಲು ಮಗನನ್ನು ಕರೆಯಬೇಕು." ಊರಿಗೆ ಹೋದರಂತೂ "ಏನೋ ಇಷ್ಟೊಂದು ಸೊರಗಿದ್ದೀಯ, ಹುಷಾರಿಲ್ವಾ?" ಎಂಬ ಪ್ರಶ್ನೆ ಬಾಗಿಲಲ್ಲೇ ಕಾದಿರುತ್ತದೆ.

ನಿಮಗೂ ಹೀಗಾಗಿದ್ದರೆ ಈ ಬರಹ ನಿಮಗಾಗಿ. ತೂಕ ಇಳಿಸಿದ್ದು ಅರ್ಧ ಕೆಲಸ. ಅದರ ಜೊತೆಗೆ ಕರಗಿಹೋದ ಸ್ನಾಯುವನ್ನು ಮತ್ತೆ ಕಟ್ಟಿಕೊಳ್ಳುವುದು ಉಳಿದರ್ಧ. ಅದಕ್ಕೆ ದಾರಿ ಭಾರ ಎತ್ತುವ ವ್ಯಾಯಾಮ. ಜಿಮ್‌ನಲ್ಲಿ ಇದನ್ನು ಸ್ಟ್ರೆಂತ್ ಟ್ರೈನಿಂಗ್ ಎನ್ನುತ್ತಾರೆ.

ತೂಕದ ಮಷೀನು ಹೇಳದ ಲೆಕ್ಕ

ಊಟ ಕಡಿಮೆಯಾದಾಗ ದೇಹ ಕೊಬ್ಬನ್ನಷ್ಟೇ ಕರಗಿಸುವುದಿಲ್ಲ. ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ, ಕೆಲವರಲ್ಲಿ ಅದಕ್ಕಿಂತ ಹೆಚ್ಚು, ಕೊಬ್ಬಲ್ಲದ ಅಂಶವಾಗಿರುತ್ತದೆ. ಅದರಲ್ಲಿ ನೀರೂ ಇದೆ, ಸ್ನಾಯುವೂ ಇದೆ. 20 ಕಿಲೋ ಇಳಿಸಿದವರಿಗೆ ಇದು 5 ಕಿಲೋದಷ್ಟಾಯಿತು. ಮಷೀನಿನ ಮೇಲೆ ನಿಂತರೆ ಒಟ್ಟು ಅಂಕಿ ಕಾಣುತ್ತದೆಯೇ ಹೊರತು, ಹೋದದ್ದು ಏನು ಎಂಬುದು ಕಾಣುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಈಗ ಆ 23 ಕಿಲೋ ಸೂಟ್‌ಕೇಸನ್ನು ನೆನಪಿಸಿಕೊಳ್ಳಿ. ತೂಕ ಹೆಚ್ಚಿದ್ದಾಗ ನೀವು ಅಂಥದ್ದೊಂದು ಪೆಟ್ಟಿಗೆಯನ್ನು ಬೆಳಗಿನಿಂದ ರಾತ್ರಿಯವರೆಗೆ ಹೊತ್ತು ತಿರುಗುತ್ತಿದ್ದಿರಿ. ಮೆಟ್ಟಿಲು ಹತ್ತಿದ್ದು, ಬಸ್ಸಿಗೆ ಓಡಿದ್ದು, ಕುರ್ಚಿಯಿಂದ ಎದ್ದದ್ದು ಎಲ್ಲವೂ ಆ ಹೊರೆಯ ಸಮೇತ. ನಿಮ್ಮ ತೊಡೆ, ಮೀನಖಂಡಗಳಿಗೆ ಅದೇ ವ್ಯಾಯಾಮವಾಗಿತ್ತು. ಈಗ ಹೊರೆ ಇಳಿದಿದೆ, ಕಾಲಿಗೆ ಆ ಕೆಲಸ ತಪ್ಪಿದೆ. ಕೆಲಸವಿಲ್ಲದ ಸ್ನಾಯುವನ್ನು ದೇಹ ಸಾಕುವುದಿಲ್ಲ.

ಸ್ನಾಯು ಕಡಿಮೆಯಾದರೆ ಏನು ನಷ್ಟ? ಊಟವಾದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಒಳಗೆ ತೆಗೆದುಕೊಳ್ಳುವುದು ಸ್ನಾಯುಗಳೇ. ನಮ್ಮಂಥ ದಕ್ಷಿಣ ಏಷ್ಯಾ ಮೂಲದವರಿಗೆ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚು. ಅಷ್ಟೇ ತೂಕದ ಯುರೋಪ್ ಮೂಲದವರಿಗಿಂತ ನಮ್ಮಲ್ಲಿ ಸಾಮಾನ್ಯವಾಗಿ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ. ಅದಕ್ಕೇ ಇಲ್ಲಿ ಬ್ರಿಟನ್ನಿನಲ್ಲಿ ಬಿಎಂಐ ಲೆಕ್ಕ ಹಾಕುವಾಗ ನಮಗೆ ಮಿತಿಯೇ ಬೇರೆ. ಇತರರಿಗೆ 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು. ನಮಗೆ ಅದು 23 ಮತ್ತು 27.5. ಇರುವ ಸ್ನಾಯುವೇ ಕಡಿಮೆ ಎಂದಾದಾಗ ಅದರಲ್ಲೂ ಒಂದಿಷ್ಟನ್ನು ಕಳೆದುಕೊಳ್ಳುವುದು ನಮಗೆ ದುಬಾರಿ. ವಯಸ್ಸಾದಂತೆ ಬೀಳುವ ಭಯ, ಮೂಳೆ ಮುರಿಯುವ ಭಯ ಬೇರೆ. ತೂಕ ಮರಳಿ ಏರಿದರಂತೂ ಕರಗಿದ ಸ್ನಾಯು ಅಷ್ಟೇ ಪ್ರಮಾಣದಲ್ಲಿ ವಾಪಸು ಬರುತ್ತದೆ ಎಂಬ ಭರವಸೆಯಿಲ್ಲ.

"ನಾನು ದಿನಾ ಒಂದು ಗಂಟೆ ನಡೆಯುತ್ತೇನಲ್ಲ?" ಎಂದು ನೀವು ಕೇಳಬಹುದು. ನಡಿಗೆ ಹೃದಯಕ್ಕೂ ಮನಸ್ಸಿಗೂ ಬಹಳ ಒಳ್ಳೆಯದು, ಬಿಡಬೇಡಿ. ಸ್ನಾಯು ಉಳಿಸಲು ಅದೊಂದೇ ಸಾಲದು. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 65 ವರ್ಷ ದಾಟಿದ, ಬೊಜ್ಜಿದ್ದ 160 ಮಂದಿ ಭಾಗವಹಿಸಿದ್ದರು. ಅವರಲ್ಲಿ ಒಂದು ಗುಂಪು ಊಟ ಕಡಿಮೆ ಮಾಡಿ ನಡಿಗೆಯಂಥ ವ್ಯಾಯಾಮ ಮಾಡಿತು, ಇನ್ನೊಂದು ಭಾರ ಎತ್ತಿತು, ಮತ್ತೊಂದು ಎರಡನ್ನೂ ಮಾಡಿತು. ಆರು ತಿಂಗಳಲ್ಲಿ ಮೂರೂ ಗುಂಪಿನ ತೂಕ ಸುಮಾರು ಶೇ. 9ರಷ್ಟು ಇಳಿಯಿತು. ಕೊಬ್ಬಲ್ಲದ ಅಂಶ ಮಾತ್ರ ನಡಿಗೆಯವರಲ್ಲಿ ಶೇ. 5ರಷ್ಟು, ಭಾರ ಎತ್ತಿದವರಲ್ಲಿ ಶೇ. 2ರಷ್ಟು, ಎರಡನ್ನೂ ಮಾಡಿದವರಲ್ಲಿ ಶೇ. 3ರಷ್ಟು ಕಡಿಮೆಯಾಯಿತು. ಏಳುವುದು, ನಡೆಯುವುದು, ಮೆಟ್ಟಿಲು ಹತ್ತುವುದು ಇಂಥ ದಿನನಿತ್ಯದ ಕೆಲಸಗಳಲ್ಲಿ ಎಲ್ಲರಿಗಿಂತ ಮುಂದೆ ಬಂದವರು ಎರಡನ್ನೂ ಮಾಡಿದವರು.

"ಈ ವಯಸ್ಸಿನಲ್ಲಿ ಇನ್ನೇನು ಸ್ನಾಯು?" ಎನ್ನುವ ಅಜ್ಜ ಅಜ್ಜಿಯರಿಗೆ ಇನ್ನೊಂದು ಸುದ್ದಿ ಹೇಳಿ. 1990ರಲ್ಲಿ ಬಾಸ್ಟನ್ನಿನ ಸಂಶೋಧಕರು ವೃದ್ಧಾಶ್ರಮವೊಂದರಲ್ಲಿದ್ದ, ಸರಾಸರಿ 90 ವರ್ಷದ ಹತ್ತು ಮಂದಿಗೆ ಎಂಟು ವಾರ ಭಾರದ ವ್ಯಾಯಾಮ ಮಾಡಿಸಿದ್ದನ್ನು ವರದಿ ಮಾಡಿದರು. ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. ತೊಂಬತ್ತರಲ್ಲಿ ಅವರಿಗೆ ಆಗಿದ್ದು ನಲವತ್ತೈದರಲ್ಲಿ ನಮಗೆ ಆಗದೆ ಇದ್ದೀತೇ?

ಇದು ನಮಗೆ ಹೊಸದಲ್ಲ

ಭಾರ ಎತ್ತುವುದು ಪರದೇಶದ ಶೋಕಿ ಎಂದು ಕೆಲವರಿಗೆ ಅನಿಸುತ್ತದೆ. ಮೈಸೂರಿನ ಗರಡಿಮನೆಗಳನ್ನು ನೆನೆಸಿಕೊಳ್ಳಿ. ಕೆಂಪು ಮಣ್ಣಿನ ಮಟ್ಟಿ, ದಂಡ, ಬಸ್ಕಿ, ಗದೆ ತಿರುಗಿಸುವುದು. ಇದಕ್ಕೆಲ್ಲ ನಮ್ಮವರು "ಸಾಮು ಮಾಡುವುದು" ಎನ್ನುತ್ತಿದ್ದರು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ಇಂದಿಗೂ ಜನ ಸೇರಿಸುತ್ತದೆ.

ಮಕ್ಕಳೇ, ಕನ್ನಡ ಕಲಿಯುವ ನಿಮಗೆ ಇನ್ನೊಂದು ಸ್ವಾರಸ್ಯ. "ಶಾಂತಲಾ", "ರೂಪದರ್ಶಿ" ಎಂಬ ಪ್ರಸಿದ್ಧ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಹೆಸರಾಂತ ದೇಹದಾರ್ಢ್ಯ ಪಟು. ಬಾರ್‌ಬೆಲ್ಲೂ ಹಠಯೋಗವೂ ಅವರ ಪಾಠದಲ್ಲಿ ಜೊತೆಗಿದ್ದವು. ದೂರದವರಿಗೆ ಅಂಚೆಯ ಮೂಲಕವೂ ಕಲಿಸುತ್ತಿದ್ದರು. ಪೆನ್ನು ಹಿಡಿಯುವವರು ಭಾರ ಎತ್ತಬಾರದು ಎಂಬ ನಿಯಮ ಕನ್ನಡದಲ್ಲಿ ಇಲ್ಲವೇ ಇಲ್ಲ.

ಕರು ಹೊತ್ತ ಮೈಲೋ

ಎಷ್ಟು ಎತ್ತಬೇಕು ಎಂಬುದಕ್ಕೆ ಎರಡೂವರೆ ಸಾವಿರ ವರ್ಷ ಹಳೆಯ ಕಥೆಯೊಂದಿದೆ. ದಕ್ಷಿಣ ಇಟಲಿಯಲ್ಲಿದ್ದ ಕ್ರೋಟನ್ ಎಂಬ ಗ್ರೀಕ್ ಊರಿನ ಮೈಲೋ ಒಲಿಂಪಿಕ್ಸ್ ಕುಸ್ತಿಯಲ್ಲಿ ಆರು ಸಲ ಗೆದ್ದ ಪೈಲ್ವಾನ. ಅವನು ಒಂದು ಎಳೆಗರುವನ್ನು ದಿನಾ ಹೆಗಲ ಮೇಲೆ ಹೊತ್ತನಂತೆ. ಕರು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಬೆಳೆಯಿತು, ಮೈಲೋನ ಬಲವೂ ಬೆಳೆಯಿತು. ಕೊನೆಗೆ ಅವನು ಹೊತ್ತದ್ದು ದೊಡ್ಡ ಹೋರಿಯನ್ನು! ಕಥೆಯಲ್ಲಿ ಉತ್ಪ್ರೇಕ್ಷೆ ಇರಬಹುದು, ಅದು ಹೇಳುವ ತತ್ತ್ವ ಮಾತ್ರ ಸರಿಯಾಗಿದೆ: ಇಂದು ನಿಮ್ಮಿಂದ ಆಗುವಷ್ಟರಿಂದ ಶುರುಮಾಡಿ, ದೇಹ ಒಗ್ಗಿದ ಮೇಲೆ ಒಂದಿಷ್ಟು ಸೇರಿಸಿ.

ಇದೇ ತತ್ತ್ವವನ್ನು ಆಸ್ಪತ್ರೆಗೆ ತಂದವರು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಕಾಲಿನ ಬಲ ಕಳೆದುಕೊಂಡಿದ್ದ ಸೈನಿಕರಿಗೆ ಅವರು ಹಂತಹಂತವಾಗಿ ಭಾರ ಏರಿಸಿ ವ್ಯಾಯಾಮ ಮಾಡಿಸಿದರು. ಇಂದು ಜಿಮ್‌ಗಳಲ್ಲಿ ಕೇಳಿಬರುವ "ಹತ್ತು ಸಲ, ಮೂರು ಸೆಟ್" ಎಂಬ ಕ್ರಮ ಜನಪ್ರಿಯವಾದದ್ದು ಅವರ ಕೆಲಸದಿಂದ. ಅಂದರೆ ಈ ವಿದ್ಯೆ ಪೈಲ್ವಾನರಿಗಷ್ಟೇ ಸೇರಿದ್ದಲ್ಲ, ಕಳೆದುಹೋದ ಬಲವನ್ನು ಮರಳಿ ಪಡೆಯುವವರದೂ ಹೌದು.

ಶುರುಮಾಡುವುದು ಹೇಗೆ?

ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳು 2019ರಲ್ಲಿ ಕೊಟ್ಟ ಸಲಹೆಯಂತೆ, ದೊಡ್ಡವರು ವಾರಕ್ಕೆ 150 ನಿಮಿಷ ಸಾಧಾರಣ ಬಿರುಸಿನ ವ್ಯಾಯಾಮದ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಚಟುವಟಿಕೆ ಮಾಡಬೇಕು. ಎರಡು ದಿನಗಳ ನಡುವೆ ಒಂದೆರಡು ದಿನ ಬಿಡುವಿರಲಿ. ಒಂದು ದಿನ ಬುಧವಾರ ಸಂಜೆ ಇಟ್ಟುಕೊಳ್ಳಿ. ಇನ್ನೊಂದು? ಶನಿವಾರ, ನಮ್ಮ ತರಗತಿ ನಡೆಯುವ ಹೊತ್ತು! ಕಾಯುವಾಗ ಅರ್ಧ ಗಂಟೆ ಸಿಗುತ್ತದೆ. ಗೋಡೆಯೂ ಕುರ್ಚಿಯೂ ಅಲ್ಲೇ ಇವೆ.

ಐದು ಚಲನೆಗಳು ಸಾಕು.

ಒಂದು, ಕೂತು ಏಳುವುದು. ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಕೈಗಳನ್ನು ಎದೆಯ ಮೇಲೆ ಮಡಚಿ, ನಿಧಾನವಾಗಿ ಕೂತು, ಕೈ ಊರದೆ ಏಳಿ. ಕಷ್ಟವಾದರೆ ಕುರ್ಚಿಯ ಮೇಲೆ ದಿಂಬು ಇಟ್ಟು ಎತ್ತರ ಮಾಡಿಕೊಳ್ಳಿ. ಸಲೀಸಾದ ಮೇಲೆ ಎದೆಗೆ 5 ಕಿಲೋ ಅಕ್ಕಿ ಚೀಲ ಅಪ್ಪಿಕೊಂಡು ಮಾಡಿ. ಮುಂದೆ ಕುರ್ಚಿ ತೆಗೆದರೆ ಅದೇ ಬಸ್ಕಿ.

ಎರಡು, ಬಗ್ಗಿ ಎತ್ತುವುದು. ಸೊಂಟವನ್ನು ಹಿಂದಕ್ಕೆ ತಳ್ಳಿ, ಮಂಡಿ ಸ್ವಲ್ಪ ಮಡಚಿ, ಬೆನ್ನು ನೇರವಾಗಿಟ್ಟು ಚೀಲವನ್ನು ಮೈಗೆ ಹತ್ತಿರ ಹಿಡಿದು ಏಳಿ. ಸೂಟ್‌ಕೇಸ್ ಎತ್ತುವ ಕ್ರಮವೂ ಇದೇ.

ಮೂರು, ತಳ್ಳುವುದು. ಮೊದಲು ಗೋಡೆಗೆ ಕೈ ಕೊಟ್ಟು, ಆಮೇಲೆ ಅಡುಗೆಮನೆಯ ಕಟ್ಟೆಗೆ, ಕೊನೆಗೆ ನೆಲಕ್ಕೆ. ನೆಲಕ್ಕೆ ಬಂದ ದಿನ ನೀವು ದಂಡ ಹೊಡೆಯಲು ಹತ್ತಿರವಾದಿರಿ ಎಂದರ್ಥ.

ನಾಲ್ಕು, ಎಳೆಯುವುದು. ಒಂದು ಕೈ ಮೇಜಿಗೆ ಊರಿ ಮುಂದೆ ಬಾಗಿ, ಇನ್ನೊಂದು ಕೈಯಲ್ಲಿ ಪುಸ್ತಕ ತುಂಬಿದ ಬ್ಯಾಗನ್ನು ಪಕ್ಕೆಲುಬಿನವರೆಗೆ ಎಳೆಯಿರಿ. ಮನೆಯಲ್ಲಿ ರಬ್ಬರ್ ಬ್ಯಾಂಡ್ ಅಥವಾ ಡಂಬೆಲ್ ಇದ್ದರೆ ಅದೂ ಆದೀತು.

ಐದು, ಹೊತ್ತು ನಡೆಯುವುದು. ಎರಡು ಕೈಯಲ್ಲೂ ಸಮ ತೂಕದ ಸಾಮಾನಿನ ಚೀಲ ಹಿಡಿದು, ಎದೆ ಎತ್ತಿ, ಮೂವತ್ತು ನಲವತ್ತು ಹೆಜ್ಜೆ.

ಮೊದಲ ನಾಲ್ಕನ್ನು 8ರಿಂದ 12 ಸಲ ಮಾಡಿ. ಮೊದಲ ಎರಡು ವಾರ ಒಂದೇ ಸೆಟ್, ಆಮೇಲೆ ಎರಡು, ಮುಂದೆ ಮೂರು. ಮುಗಿಸಿದಾಗ "ಇನ್ನೆರಡು ಸಲ ಆಗುತ್ತಿತ್ತು" ಎನ್ನುವಂತಿರಲಿ. "ಇನ್ನೂ ಹತ್ತು ಆಗುತ್ತಿತ್ತು" ಎನಿಸಿದರೆ ಭಾರ ಸಾಲದು. 12 ಸಲ ಸಲೀಸಾದ ಮೇಲೆ ಒಂದೆರಡು ಕಿಲೋ ಸೇರಿಸಿ. ಉಸಿರು ಕಟ್ಟಬೇಡಿ, ಎತ್ತುವಾಗ ಉಸಿರು ಹೊರಗೆ ಬಿಡಿ. ಎತ್ತಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ.

ಶುರುವಿನಲ್ಲಿ ಒಂದೆರಡು ದಿನ ಮೈಕೈ ನೋಯುತ್ತದೆ, ಅದು ಸಹಜ. ಕೀಲಿನಲ್ಲಿ ಚುಚ್ಚಿದಂತೆ ನೋವಾದರೆ ನಿಲ್ಲಿಸಿ. ಮೊದಲ ಕೆಲವು ವಾರ ಬರುವ ಬಲ ಹೆಚ್ಚಾಗಿ ನರಗಳು ಕೆಲಸ ಕಲಿತದ್ದರಿಂದ. ಸ್ನಾಯು ಕಣ್ಣಿಗೆ ಕಾಣಲು ತಿಂಗಳುಗಳು ಬೇಕು. ಈ ನಡುವೆ ತೂಕದ ಮಷೀನು ಅರ್ಧ ಕಿಲೋ, ಒಂದು ಕಿಲೋ ಏರಿಸಿ ತೋರಿಸಬಹುದು. ಕಷ್ಟಪಟ್ಟು ಇಳಿಸಿದವರಿಗೆ ಆ ಅಂಕಿ ಕಂಡರೆ ಎದೆ ಧಸಕ್ಕೆನ್ನುತ್ತದೆ, ಅದು ಸಹಜವೇ. ಹೆದರಿ ಊಟ ಬಿಡಬೇಡಿ. ದುಡಿಯುವ ಸ್ನಾಯು ನೀರನ್ನೂ ಸಕ್ಕರೆಯ ದಾಸ್ತಾನನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬದಲಿಗೆ ಬೇರೆ ಅಳತೆ ಇಟ್ಟುಕೊಳ್ಳಿ: ಅರ್ಧ ನಿಮಿಷದಲ್ಲಿ ಎಷ್ಟು ಸಲ ಕುರ್ಚಿಯಿಂದ ಎದ್ದಿರಿ? ಸೊಂಟದ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇದೆಯೇ?

ಒಂದು ಮಾತನ್ನು ಮುಚ್ಚಿಡಬಾರದು. ಬಹಳ ತೂಕ ಇಳಿದಾಗ ಜೋತುಬೀಳುವ ಚರ್ಮವನ್ನು ವ್ಯಾಯಾಮ ಪೂರ್ತಿ ಸರಿಮಾಡುವುದಿಲ್ಲ. ಸ್ನಾಯು ತುಂಬಿಕೊಂಡಾಗ ಸ್ವಲ್ಪ ಬಿಗಿಯಾಗಿ ಕಾಣಬಹುದು, ಅಷ್ಟೇ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ತಟ್ಟೆಯಲ್ಲಿ ಏನಿರಬೇಕು?

ಇಟ್ಟಿಗೆಯಿಲ್ಲದೆ ಗೋಡೆ ಏಳುವುದಿಲ್ಲ. ಸ್ನಾಯುವಿಗೆ ಇಟ್ಟಿಗೆ ಪ್ರೋಟೀನ್. ಇಲ್ಲಿ ದೊಡ್ಡವರಿಗೆ ಹೇಳುವ ಕನಿಷ್ಠ ಪ್ರಮಾಣ ದೇಹದ ಪ್ರತಿ ಕಿಲೋಗೆ ದಿನಕ್ಕೆ 0.75 ಗ್ರಾಂ. ಭಾರ ಎತ್ತುವವರಿಗೆ ಸಾಮಾನ್ಯವಾಗಿ 1.2ರಿಂದ 1.6 ಗ್ರಾಂ ಸಲಹೆ ಮಾಡುತ್ತಾರೆ. 70 ಕಿಲೋ ಇರುವವರಿಗೆ ಕಡಿಮೆಯೆಂದರೂ 84 ಗ್ರಾಂ ಆಯಿತು. ಹಸಿವೇ ಕಡಿಮೆಯಾಗಿರುವ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಇದು ನಿಜಕ್ಕೂ ಕಷ್ಟ. ಅದಕ್ಕೇ ಊಟ ಶುರುಮಾಡುವಾಗ ಮೊದಲ ತುತ್ತು ಪ್ರೋಟೀನಿನದಾಗಿರಲಿ.

ನಮ್ಮ ಸಾರು ಅನ್ನದಲ್ಲಿ ಬೇಳೆ ಎಷ್ಟಿರುತ್ತದೆ ಎಂದು ಒಮ್ಮೆ ನೋಡಿ. ತಿಳಿಸಾರಿಗಿಂತ ಗಟ್ಟಿ ಹುಳಿ ಮೇಲು, ಹುರುಳಿಕಾಳಿನ ಉಸಲಿ, ಕಡಲೆಕಾಳು, ಹೆಸರುಬೇಳೆ ಕೋಸಂಬರಿ ಇನ್ನೂ ಮೇಲು. ಒಂದು ಮೊಟ್ಟೆಯಲ್ಲಿ 6ರಿಂದ 7 ಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇದೆ. 100 ಗ್ರಾಂ ಅನ್ನದಲ್ಲಿ 3 ಗ್ರಾಂ ಕೂಡ ಇಲ್ಲ. ಪನೀರ್, ಗಟ್ಟಿ ಮೊಸರು, ಸೋಯಾ, ಮೀನು, ಕೋಳಿ, ನಿಮ್ಮ ಮನೆಯ ಪದ್ಧತಿಗೆ ಒಗ್ಗುವುದನ್ನು ಆರಿಸಿಕೊಳ್ಳಿ. ಮೂರು ಹೊತ್ತಿಗೂ ಹಂಚಿ ತಿನ್ನಿ. ಚಳಿಗಾಲದಲ್ಲಿ ಇಲ್ಲಿನ ಬಿಸಿಲು ಸಾಲದ ಕಾರಣ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳುವ ಬಗ್ಗೆಯೂ ಯೋಚಿಸಿ.

ಮೊದಲು ಜಿಪಿಯನ್ನು ಕೇಳಬೇಕಾದವರು

ಹೃದಯದ ತೊಂದರೆ, ಹರ್ನಿಯಾ, ಮೂಳೆ ಸವೆತ ಇರುವವರು, ಈಚೆಗೆ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳಿಯೇ ಭಾರ ಮುಟ್ಟಿ. ಮೂತ್ರಪಿಂಡದ ಕಾಯಿಲೆ ಇದ್ದರೆ ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ. ಬಿಪಿ ಅಥವಾ ಸಕ್ಕರೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ತೂಕ ಇಳಿದ ಮೇಲೆ ಪ್ರಮಾಣವನ್ನು ಮತ್ತೆ ಪರೀಕ್ಷಿಸಿಕೊಳ್ಳಬೇಕು. ಹಳೆಯ ತೂಕಕ್ಕೆ ಕೊಟ್ಟ ಮಾತ್ರೆ ಹೊಸ ದೇಹಕ್ಕೆ ಜಾಸ್ತಿಯಾಗಿ, ಎದ್ದು ನಿಂತಾಗ ತಲೆ ಸುತ್ತಬಹುದು.

ಮಕ್ಕಳೇ, ಇದು ನಿಮಗೆ

ಭಾರ ಎತ್ತಿದರೆ ಕುಳ್ಳಗೆ ಉಳಿಯುತ್ತೀರಿ ಎಂದು ಯಾರಾದರೂ ಹೇಳಿದ್ದಾರೆಯೇ? ಬಲ್ಲವರ ಮೇಲ್ವಿಚಾರಣೆಯಲ್ಲಿ ಸರಿಯಾದ ಕ್ರಮದಲ್ಲಿ ಮಾಡಿದರೆ ಬೆಳವಣಿಗೆ ನಿಲ್ಲುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆದರೆ ನಿಮಗೆ ಅಕ್ಕಿ ಚೀಲದ ಅವಸರವೂ ಇಲ್ಲ. 5ರಿಂದ 18 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಗ್ಗಿಸಿ ಆಡಬೇಕು. ಕುಂಟೆಬಿಲ್ಲೆಯಲ್ಲಿ ಕುಪ್ಪಳಿಸಿದರೆ ಮೂಳೆ ಗಟ್ಟಿ, ಹಗ್ಗಜಗ್ಗಾಟದಲ್ಲಿ ಎಳೆದರೆ ತೋಳು ಗಟ್ಟಿ, ಕಬಡ್ಡಿಯಲ್ಲಿ ಎಲ್ಲವೂ ಗಟ್ಟಿ. ದೊಡ್ಡವರು ಮಾಡಿದಂತೆ ಊಟ ಬಿಡುವುದು ಮಾತ್ರ ನಿಮಗೆ ಬೇಡ. ನೀವು ಬೆಳೆಯುತ್ತಿದ್ದೀರಿ.

ಪೋಷಕರೇ, ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ. "ದಪ್ಪ", "ಸಣ್ಣ", "ಇವತ್ತು ತಿಂದಿದ್ದು ಜಾಸ್ತಿಯಾಯಿತು" ಎಂಬ ಮಾತುಗಳೇ ಮನೆ ತುಂಬ ಓಡಾಡಿದರೆ, ಕನ್ನಡಿ ನೋಡಿ ಅಳುವುದನ್ನು ಅವರು ನಮ್ಮಿಂದಲೇ ಕಲಿಯುತ್ತಾರೆ. ಅದರ ಬದಲು "ಇವತ್ತು ಹತ್ತು ಸಲ ಎದ್ದೆ, ಹೋದ ವಾರ ಎಂಟಾಗಿತ್ತು" ಎಂಬ ಮಾತು ಅವರ ಕಿವಿಗೆ ಬೀಳಲಿ. ದೇಹ ಹೇಗೆ ಕಾಣುತ್ತದೆ ಎನ್ನುವುದಕ್ಕಿಂತ ಅದು ಏನು ಮಾಡಬಲ್ಲುದು ಎಂಬ ಮಾತು ಮನೆಯಲ್ಲಿ ಹೆಚ್ಚಾದಷ್ಟೂ ಅವರಿಗೆ ಒಳ್ಳೆಯದು. ಊರಲ್ಲಿ ಯಾರಾದರೂ "ಸೊರಗಿದ್ದೀಯ" ಎಂದರೆ "ಸೊರಗಿಲ್ಲ ಅತ್ತೆ, ಸಾಮು ಮಾಡುತ್ತಿದ್ದೇನೆ" ಎಂದು ನಗುತ್ತ ಹೇಳಿ.

ಈ ತಿಂಗಳ ಮನೆಗೆಲಸ

ಮಕ್ಕಳೇ, ಅಪ್ಪ, ಅಮ್ಮ, ಅಜ್ಜ, ಅಜ್ಜಿ ಯಾರೇ ಕುರ್ಚಿಯಿಂದ ಎದ್ದು ಕೂರಲಿ, ಎಣಿಸುವ ಕೆಲಸ ನಿಮ್ಮದು. ಗಡಿಯಾರ ಹಿಡಿದು ಅರ್ಧ ನಿಮಿಷ, ಕನ್ನಡದಲ್ಲೇ: ಒಂದು, ಎರಡು, ಮೂರು... ಸಿಕ್ಕಿದ ಸಂಖ್ಯೆಯನ್ನು ಕನ್ನಡ ಅಂಕಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ನಾಲ್ಕು ವಾರದ ನಂತರ ಮತ್ತೆ ಎಣಿಸಿ. ಜೊತೆಗೆ ಈ ಐದು ಪದಗಳಿಗೆ ಒಂದೊಂದು ವಾಕ್ಯ ಬರೆದು ತನ್ನಿ: ಕಸುವು, ತ್ರಾಣ, ಸಾಮು, ಬಸ್ಕಿ, ಗರಡಿ.

ಮುಂದಿನ ತಿಂಗಳು ಮತ್ತೆ ಸಿಗೋಣ. ಊರಿಗೆ ಹೋಗುವವರಿಗೆ ಶುಭ ಪ್ರಯಾಣ!